ಕಡಲಿಲ್ಲದ ನಾಡಿನ ದಂಡಿ

'ದಂಡೆ' ಅಂದ ಕೂಡಲೇ ಕುಮಟಾ, ಹೊನ್ನಾವರದವರಿಗೆ ಕಡಲು ಕಾಣುತ್ತದೆ. ಕೆಪಿಎಸ್‌ಸಿಗೆ ಓದುವ ಹುಡುಗರಿಗೆ 'ದಂಡಿ' ಅಂದರೆ ಉಪ್ಪು: 1930ರ ಮಾರ್ಚ್ 12ಕ್ಕೆ ಸಾಬರಮತಿ ಬಿಟ್ಟಿದ್ದು, ಏಪ್ರಿಲ್ 6ಕ್ಕೆ ಉಪ್ಪು ಎತ್ತಿದ್ದು, ಗಾಂಧೀಜಿ ಜೊತೆ ಹೊರಟ 78 ಮಂದಿಯಲ್ಲಿ ಕರ್ನಾಟಕದ ಮೈಲಾರ ಮಹಾದೇವಪ್ಪ ಇದ್ದದ್ದು. ಎರಡೂ ಕಡೆ ಸಮುದ್ರ. ಅದಕ್ಕೇ ಈ ಪದ ಕೇಳಿದರೆ ಉಪ್ಪುನೀರಿನ ವಾಸನೆ ಬರುತ್ತದೆ, ಇದು ಕರಾವಳಿಯಿಂದ ಘಟ್ಟ ಹತ್ತಿ ಬಂದ ಮಾತು ಅನ್ನಿಸುತ್ತದೆ.

ಕಲಬುರಗಿ, ಯಾದಗಿರಿ, ಬೀದರಿನಲ್ಲಿ ಕಡಲಿಲ್ಲ. ಆದರೆ ದಂಡಿ ಇಲ್ಲದ ದಿನವೂ ಇಲ್ಲ. ಹೊಳಿಗೆ ದಂಡಿ, ರೊಟ್ಟಿಗೆ ದಂಡಿ, ತುರುಬಿಗೆ ದಂಡಿ, ತಕ್ಕಡಿಗೆ ದಂಡಿ. ತೊಗರಿ ಚೆನ್ನಾಗಿ ಬಂದರೆ ಅದೂ 'ದಂಡ್ಯಾಗಿ' ಬಂತು. ಇದನ್ನು 'ದಡ' ಪದದ ಹಳ್ಳಿ ರೂಪ ಅಂತ ತಿದ್ದುವವರನ್ನು ಕಂಡಾಗ ಸ್ವಲ್ಪ ಸಿಟ್ಟೇ ಬರುತ್ತದೆ. ಇಲ್ಲಿ ಕೂಡಿರುವುದು ಕನಿಷ್ಠ ನಾಲ್ಕು ಬೇರೆ ಬೇರೆ ಪದಗಳು. ಯಾವುದು ಯಾವುದು ಅಂತ ಗುರುತಿಸಲು ನಿಘಂಟಿಗಿಂತ ಮೊದಲು ಪಕ್ಕದ ಕ್ರಿಯಾಪದ ನೋಡಬೇಕು ಅನ್ನುವುದು ನನ್ನ ವಾದ.

ಇವು ಕೂಡಿದ್ದು ಹೇಗೆ? ನಮ್ಮ ಮಾತಿನಲ್ಲಿ ಪದದ ಕೊನೆಯ 'ಎ'ಕಾರ 'ಇ'ಕಾರ ಆಗುತ್ತದೆ. ಮನೆ ಮನಿ, ಕೆರೆ ಕೆರಿ, ಹೊಳೆ ಹೊಳಿ, ದಂಡೆ ದಂಡಿ. ಬರವಣಿಗೆಯಲ್ಲಿ ನೀರಿನ ಅಂಚಿಗೂ ಹೂವಿನ ಸರಕ್ಕೂ 'ದಂಡೆ' ಅಂತಲೇ ಇದೆ. ಹೇರಳ ಅನ್ನುವ ಅರ್ಥಕ್ಕೆ, ಕೋಲು ಅನ್ನುವ ಅರ್ಥಕ್ಕೆ 'ದಂಡಿ' ಇದೆ. ಮಂಗಳೂರಿನವರ ಬಾಯಲ್ಲಿ ಇವೆರಡೂ ಬೇರೆಯಾಗಿ ಉಳಿಯುತ್ತವೆ, ನಮ್ಮ ಬಾಯಲ್ಲಿ ಒಂದಾಗುತ್ತವೆ. ಆದ್ದರಿಂದ ಕಲಬುರಗಿಯವರು ಆಡಿದ ದಂಡಿಯನ್ನು ನಿಘಂಟಿನಲ್ಲಿ ಹುಡುಕುವವರು ಎರಡು ಕಡೆ ತೆಗೆಯಬೇಕು. 'ದಂಡಿ' ಒಂದನ್ನೇ ನೋಡಿದರೆ ಹೊಳೆ ಸಿಗುವುದಿಲ್ಲ, 'ದಂಡೆ' ಒಂದನ್ನೇ ನೋಡಿದರೆ ತಕ್ಕಡಿ ಸಿಗುವುದಿಲ್ಲ.

ಮೊದಲು ಹೊಳಿ ದಂಡಿ. ಕಟ್ಟಿದ್ದೆಲ್ಲ ದಂಡಿ ಆಗುವುದಿಲ್ಲ, ಇದನ್ನು ನಮ್ಮ ರೈತರು ಚೊಕ್ಕವಾಗಿ ಬೇರೆ ಮಾಡುತ್ತಾರೆ. ಕೆರೆ ನೀರು ತಡೆಯಲು ಹಾಕಿದ ಮಣ್ಣಿನ ದಿಬ್ಬ ಏರಿ. ಹಳ್ಳಕ್ಕೆ ಅಡ್ಡ ಹಾಕಿದ್ದು ಒಡ್ಡು. ಹೊಲಕ್ಕೂ ಹೊಲಕ್ಕೂ ನಡುವೆ ಇರುವುದು ಬದು. ನೀರು ತಾನೇ ಕೊರೆದು ತಾನೇ ಬಿಟ್ಟ ಅಂಚು ದಂಡಿ. ಅದಕ್ಕೇ ದಂಡಿ ಒಂದೇ ಜಾಗದಲ್ಲಿ ಇರುವುದಿಲ್ಲ. ಭೀಮಾ ತಿರುವು ತೆಗೆದುಕೊಳ್ಳುವಲ್ಲಿ ಹೊರಮಗ್ಗುಲಿನ ದಂಡಿ ಕೊರೆಯುತ್ತಾ ಹೋಗುತ್ತದೆ, ಒಳಮಗ್ಗುಲಿನಲ್ಲಿ ಮರಳು, ಗೋಡು ಕೂಡುತ್ತದೆ. ಹೊರಮಗ್ಗುಲಿನ ರೈತನ ಹೊಲ ಪಹಣಿಯಲ್ಲಿ ಇದ್ದಷ್ಟೇ ಇರುತ್ತದೆ, ನೆಲದ ಮೇಲೆ ಕಡಿಮೆಯಾಗುತ್ತದೆ.

ದಂಡಿ ಕುಸಿಯುವುದು ಯಾವಾಗ? ನೀರು ತುಂಬಿ ಹರಿಯುವಾಗ ಅಂತ ಬಹಳ ಮಂದಿ ತಿಳಿದಿದ್ದಾರೆ. ಎರೆಮಣ್ಣಿನ ದಂಡಿ ಹೆಚ್ಚಾಗಿ ಕುಸಿಯುವುದು ನೀರು ಇಳಿದ ಮೇಲೆ. ಪೂರ, ಅಂದರೆ ಪ್ರವಾಹ, ಇದ್ದಾಗ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ, ಆದರೆ ಹೊರಗಿನಿಂದ ಹೊಳೆಯ ನೀರೇ ಒತ್ತಿ ಹಿಡಿದಿರುತ್ತದೆ. ಬ್ಯಾರೇಜಿನ ಗೇಟು ಇಳಿಸಿದ ಕೂಡಲೇ ಹೊಳೆ ತಟ್ಟನೆ ಇಳಿಯುತ್ತದೆ, ಮಣ್ಣಿನೊಳಗಿನ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಹೊರಗಿನ ಆಸರೆ ಹೋಯಿತು, ಒಳಗಿನ ಭಾರ ಉಳಿಯಿತು. ಹೊಳೆಗೆ ಸಮಾನಾಂತರವಾಗಿ ಬಿರುಕು ಬಿಡುತ್ತದೆ, ಆಮೇಲೆ ಮಣ್ಣು ಹಾಸುಹಾಸಾಗಿ ಜಾರುತ್ತದೆ. ಹಾಗೆ ಬಿರುಕು ಕಂಡರೆ ಅದರಿಂದ ಹೊಳೆಯ ಕಡೆ ಇರುವ ನೆಲವೆಲ್ಲ ಹೋಗುವ ಮಾಲು ಅಂತಲೇ ತಿಳಿಯಬೇಕು. ಅಲ್ಲಿ ಮೋಟರ್ ಇಡಬಾರದು, ದನ ಕಟ್ಟಬಾರದು, ಟ್ರ್ಯಾಕ್ಟರ್ ಅಂತೂ ಒಯ್ಯಲೇಬಾರದು.

'ಮೋಟರ್ ದಂಡಿಗ್ಯಾಕ ಇಡ್ತೀರಿ, ಮ್ಯಾಲ ಇಡ್ರಲ್ಲ' ಅಂತ ಪ್ರತಿ ಪೂರಕ್ಕೂ ಉಪದೇಶ ಮಾಡುವವರಿದ್ದಾರೆ. ಮೇಲೆ ಇಡಲು ಆಗುವುದಿಲ್ಲ. ಸೆಂಟ್ರಿಫ್ಯೂಗಲ್ ಪಂಪ್ ನೀರನ್ನು ಎಳೆಯುವುದು ಗಾಳಿಯ ಒತ್ತಡದ ಆಸರೆಯಿಂದ. ಲೆಕ್ಕದಲ್ಲಿ ಅದರ ಮಿತಿ ಸುಮಾರು 10 ಮೀಟರ್. ಪೈಪಿನ ಘರ್ಷಣೆ, ಫುಟ್‌ವಾಲ್ವ್, ಸಣ್ಣಪುಟ್ಟ ಸೋರಿಕೆ ಎಲ್ಲ ಕಳೆದರೆ ಕೈಗೆ ಸಿಗುವುದು 6-7 ಮೀಟರ್ ಅಷ್ಟೇ. ಮೇಲಕ್ಕೆ ಮೋಟರಿನ ಶಕ್ತಿ ಇದ್ದಷ್ಟೂ ನೂಕಬಹುದು, ಕೆಳಗಿನಿಂದ ಎಳೆಯುವುದಕ್ಕೆ ಮಾತ್ರ ಈ ಮಿತಿ ಇದೆ. ಬೇಸಿಗೆಯಲ್ಲಿ ಹೊಳೆ ಇಳಿದಂತೆ ಮೋಟರ್ ಕೂಡ ದಂಡಿ ಇಳಿಯಲೇಬೇಕು. ಮಳೆಗಾಲದಲ್ಲಿ ಅದೇ ಮೋಟರ್ ಮೊದಲು ಮುಳುಗುವುದು. 2020ರ ಅಕ್ಟೋಬರಿನ ಭೀಮಾ ಪೂರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಬಿಡುವ ಸುದ್ದಿ ಬಂದರೆ ಮೊದಲು ಸ್ಟಾರ್ಟರಿನ ಕರೆಂಟು ತೆಗೆಯಬೇಕು, ಆಮೇಲೆ ಪೈಪಿನ ಜೋಡಣೆ ಬಿಚ್ಚಬೇಕು, ಆಮೇಲೆ ಮೋಟರ್ ಎತ್ತಬೇಕು. ಗಡಿಬಿಡಿಯಲ್ಲಿ ಕರೆಂಟು ಮರೆತು ನೀರಿಗಿಳಿದರೆ ಜೀವಕ್ಕೇ ಸಂಚಕಾರ.

ಇಲ್ಲಿ ನನ್ನ ದೊಡ್ಡ ತಕರಾರು ಸುದ್ದಿಮನೆಯವರ ಮೇಲೆ, ಎಚ್ಚರಿಕೆ ಪ್ರಕಟಣೆ ಬರೆಯುವವರ ಮೇಲೆ. 'ನದಿ ಪಾತ್ರದ ಜನರು ಎಚ್ಚರದಿಂದಿರಬೇಕು' ಅಂತ ಬರೆಯುತ್ತಾರೆ. ಪಾತ್ರ ಅಂದರೆ ಹೊಳೆಯ ಒಡಲು, ನೀರು ಹರಿಯುವ ತಳ. ಅಲ್ಲಿ ಮೀನು ಇರುತ್ತದೆ, ಜನ ಇರುವುದಿಲ್ಲ. ದಂಡೆ ಅನ್ನುವ ಪದ ಕೈಯಲ್ಲೇ ಇದೆ, ಭೀಮಾ ದಂಡೆಯ ಸನ್ನತಿಯ ಅಜ್ಜಿಗೂ ತಿಳಿಯುತ್ತದೆ, ಉಡುಪಿಯ ವರದಿಗಾರರಿಗೂ ತಿಳಿಯುತ್ತದೆ. ಅದನ್ನು ಬಿಟ್ಟು ಪಾತ್ರ ಯಾಕೆ? 'ಇಷ್ಟು ಲಕ್ಷ ಕ್ಯೂಸೆಕ್ ಬಿಡಲಾಗಿದೆ' ಅನ್ನುವುದೂ ಹಾಗೆಯೇ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್, ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್ ದಾಟುತ್ತದೆ. ಲೆಕ್ಕ ಸರಿ. ಆದರೆ ದಂಡೋತಿಯವರಿಗೆ ಬೇಕಾದದ್ದು ಕಾಗಿಣಾ ಹೊಳೆ ಸೇತುವೆ ಮೇಲೆ ಬರುತ್ತದೋ ಇಲ್ಲವೋ ಅನ್ನುವುದು. 'ನೀರು ದಂಡಿ ಮೀರಲತದ' ಅನ್ನುವ ಮೂರು ಪದ ಆ ಕೆಲಸ ಮಾಡುತ್ತದೆ. (ದಂಡೋತಿ ಹೊಳೆ ದಂಡೆಯಲ್ಲೇ ಇದೆ ನಿಜ. ಹಾಗಂತ ಊರಿನ ಹೆಸರನ್ನೂ ಈ ಪದಕ್ಕೆ ಗಂಟು ಹಾಕಬೇಡಿ. ಸದ್ದು ಒಂದೇ ಇದ್ದರೆ ಸಂಬಂಧ ಇರಲೇಬೇಕು ಅಂತಿಲ್ಲ.)

ಸರ್ಕಾರದ ಕಡತದಲ್ಲಿ ಈ ಪದ ಸರಿಯಾಗಿ ಉಳಿದಿರುವುದು ನೀರಾವರಿಯಲ್ಲಿ: ನಾರಾಯಣಪುರ ಎಡದಂಡೆ ಕಾಲುವೆ, ಬಲದಂಡೆ ಕಾಲುವೆ. ಬೀದರ ಜಿಲ್ಲೆಯ ಕಾರಂಜಾ ಡ್ಯಾಮಿಗೂ ಹಾಗೇ ಎರಡು. ಎಡ ಯಾವುದು, ಬಲ ಯಾವುದು ಅನ್ನುವುದರಲ್ಲಿ ಬಹಳ ಮಂದಿ ಎಡವುತ್ತಾರೆ, ಯಾಕೆಂದರೆ ಡ್ಯಾಮ್ ನೋಡಲು ಹೋದವರು ಡ್ಯಾಮಿಗೆ ಮುಖ ಮಾಡಿ ನಿಲ್ಲುತ್ತಾರೆ. ಡ್ಯಾಮಿಗೆ ಬೆನ್ನು ಕೊಟ್ಟು, ನೀರು ಹರಿದು ಹೋಗುವ ಕಡೆ ಮುಖ ಮಾಡಬೇಕು. ಆಗ ಎಡಗೈ ಕಡೆ ಇರುವುದು ಎಡದಂಡೆ. ಕೃಷ್ಣೆ ಅಲ್ಲಿ ಒಟ್ಟಾರೆ ಪೂರ್ವಕ್ಕೆ ಹರಿಯುವುದರಿಂದ ಎಡಗೈ ಉತ್ತರಕ್ಕೆ ಬೀಳುತ್ತದೆ: ಸುರಪುರ, ಶಹಾಪುರ, ಮುಂದೆ ಜೇವರ್ಗಿ. ಬಲಗೈ ದಕ್ಷಿಣಕ್ಕೆ, ರಾಯಚೂರು ಜಿಲ್ಲೆಯ ಲಿಂಗಸುಗೂರು, ದೇವದುರ್ಗದ ಕಡೆಗೆ. ಕಾಲುವೆಯಿಂದ ಒಡೆದ ತೂಬಿಗೆ ಎಡ-ಬಲ ಹೇಳುವಾಗಲೂ ಇದೇ ನಿಯಮ, ಕಾಲುವೆಯ ನೀರು ಹೋಗುವ ದಿಕ್ಕಿಗೆ ಮುಖ. ಅರ್ಜಿಯಲ್ಲಿ ಇದು ಅದಲುಬದಲಾದರೆ ನಿಮ್ಮ ಹೊಲ ಕಾಲುವೆಯ ಆಚೆ ದಾಟಿ ಕೂರುತ್ತದೆ.

ಹೊಳೆಯಿಂದಲೇ ಬಂದ ಇನ್ನೊಂದು ಬಳಕೆ 'ದಂಡಿಗಿ ಹಚ್ಚು'. 'ಮೂರೂ ಹುಡುಗಿಯರ ಮದಿ ಮಾಡಿ ದಂಡಿಗಿ ಹಚ್ಚಿದ' ಅಂದರೆ ಪಾರು ಮಾಡಿದ, ಮುಗಿಸಿದ. 'ದಂಡಿಗಿ ಹತ್ತು' ಅಂದರೆ ತಾನೇ ಪಾರಾಗುವುದು. ಹಚ್ಚುವವನು ಇನ್ನೊಬ್ಬನನ್ನು ದಾಟಿಸುತ್ತಾನೆ, ಹತ್ತುವವನು ತಾನು ದಾಟುತ್ತಾನೆ. ಬರೆಯುವಾಗ ಇವೆರಡನ್ನು ಕಲಸಬೇಡಿ.

ಇನ್ನು ರೊಟ್ಟಿ ದಂಡಿ. ಅಂಚು ಅನ್ನುವ ಅರ್ಥ ನೀರು ಬಿಟ್ಟು ಅಡಿಗೆಮನೆಗೆ ಬಂದದ್ದು. 'ದಂಡಿ ಒಡೀತು' ಅಂದರೆ ಬಡಿಯುವಾಗ ರೊಟ್ಟಿಯ ಅಂಚು ಸೀಳಿತು. ಹೊಸದಾಗಿ ಕಲಿಯುವವರು ಕೈಯನ್ನು ಬಯ್ಯುತ್ತಾರೆ, ತಪ್ಪು ಹೆಚ್ಚಾಗಿ ಹಿಟ್ಟಿನಲ್ಲಿ ಇರುತ್ತದೆ. ಜೋಳದಲ್ಲಿ ಗೋಧಿಯಂಥ ಅಂಟು ಇಲ್ಲ. ಹಿಟ್ಟು ಹಿಡಿದುಕೊಳ್ಳುವುದು ಕುದಿನೀರಿನಲ್ಲಿ ಅದರ ಪಿಷ್ಟ ಬೆಂದು ಜಿಗಿ ಬಂದಾಗ ಮಾತ್ರ. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲಿನಿಂದ ಒಂದು ಬಟ್ಟಲು ನೀರು ಹಿಡಿಯುತ್ತದೆ. ನೀರು ಕೊತಕೊತ ಕುದಿಯುತ್ತಿರಬೇಕು, ಬರೇ ಬಿಸಿ ಇದ್ದರೆ ಸಾಲದು. ಹಿಟ್ಟಿನ ನಡುವೆ ಕುಳಿ ಮಾಡಿ ಸುರಿದು, ಚಮಚದಿಂದ ಕೂಡಿಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಒಂದೊಂದು ರೊಟ್ಟಿಗೆ ಬೇಕಾದಷ್ಟೇ ತೆಗೆದು ಮತ್ತೆ ನಾದುವುದು ಮುಖ್ಯ, ಒಮ್ಮೆಲೇ ನಾದಿ ಇಟ್ಟ ಮುದ್ದೆ ಒಣಗಿದಂತೆ ದಂಡಿ ಒಡೆಯತೊಡಗುತ್ತದೆ. ಬಡಿಯುವಾಗ ಬಲಗೈ ನಡುವಿನಿಂದ ಹೊರಗೆ ಸಾಗಬೇಕು, ಎಡಗೈ ಅಂಚಿಗೆ ಆಸರೆ ಕೊಡುತ್ತಾ ರೊಟ್ಟಿ ತಿರುಗಿಸುತ್ತಿರಬೇಕು. ಸಣ್ಣ ಸೀಳು ಕಂಡರೆ ಅಲ್ಲೇ ಒದ್ದೆ ಬೆರಳಿನಿಂದ ಮುಚ್ಚಬೇಕು. ದೊಡ್ಡದಾದ ಮೇಲೆ ಮುಚ್ಚಿದರೆ ಹಂಚಿನ ಮೇಲೆ ಮತ್ತೆ ಬಾಯಿ ಬಿಡುತ್ತದೆ, ಅಲ್ಲಿಂದ ಹಬೆ ಹೋಗಿ ರೊಟ್ಟಿ ಉಬ್ಬುವುದಿಲ್ಲ. ಬೀಸಿ ಬಹಳ ದಿನವಾದ ಹಿಟ್ಟಾದರೆ ಏನು ಮಾಡಿದರೂ ಅಷ್ಟಕ್ಕಷ್ಟೆ.

ಜೋಳದ ಮಾತು ಬಂದಾಗ ಮಾಲದಂಡಿ ಬಿಟ್ಟು ಮುಂದೆ ಹೋಗುವಂತಿಲ್ಲ. ಅಂಗಡಿಯಲ್ಲಿ 'ಮಾಲದಂಡಿ ಅದೇನ್ರಿ?' ಅಂತ ಕೇಳುವುದು ಈ ಜೋಳಕ್ಕೇ. ಬೀಜದ ಚೀಲದ ಮೇಲೆ ಎಂ 35-1 ಅಂತ ಇರುತ್ತದೆ. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದಲೇ ಆರಿಸಿದ ಹಿಂಗಾರಿ ತಳಿ. ಎರೆಭೂಮಿಯಲ್ಲಿ ಉಳಿದ ಹಸಿಯ ಮೇಲೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದರೆ ಸುಮಾರು ನಾಲ್ಕು ತಿಂಗಳಿಗೆ ಬರುತ್ತದೆ. ಕಾಳು ದುಂಡಗೆ, ಮುತ್ತಿನ ಹೊಳಪು, ಕಣಕಿ, ಅಂದರೆ ಒಣಗಿದ ದಂಟೂ ದನಕ್ಕೆ ಇಷ್ಟ. ದಂಡಿ ಒಡೆಯದ ರೊಟ್ಟಿ ಬೇಕಾದರೆ ಮಾಲದಂಡಿ ಹಿಟ್ಟು ತನ್ನಿ. ಈ ವಾಕ್ಯದ ಎರಡು ದಂಡಿಗಳಿಗೂ ನೆಂಟಸ್ತನ ಕಟ್ಟಲು ನಾನು ಹೋಗುವುದಿಲ್ಲ.

ಹೂವಿನ ದಂಡಿಯಲ್ಲಿ ಮಾತ್ರ ಕರಾವಳಿಗೂ ನಮಗೂ ನೇರ ಭೇಟಿ. ಉತ್ತರ ಕನ್ನಡದ ಕಡೆ ಅಬ್ಬಲಿಗೆ ದಂಡೆ, ಮಲ್ಲಿಗೆ ದಂಡೆ ಇವತ್ತಿಗೂ ಬಾಯಲ್ಲಿ ಇದೆ. ನಮ್ಮಲ್ಲಿ ತುರುಬಿಗೆ, ಹೆರಳಿಗೆ ಕಟ್ಟುವುದು ದಂಡಿ, ಕೊರಳಿಗೆ ಹಾಕುವುದು ಹಾರ ಇಲ್ಲವೆ ಮಾಲಿ. ಕಟ್ಟುವ ರೀತಿಯೂ ಬೇರೆ. ಹಾರವನ್ನು ಸೂಜಿಯಿಂದ ಪೋಣಿಸಬಹುದು, ದಂಡಿಯನ್ನು ಗಂಟಿನ ಮೇಲೆ ಕಟ್ಟಬೇಕು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ತೊಟ್ಟುಗಳು ನಡುವೆ ಒಂದರ ಮೇಲೊಂದು. ದಾರ ಒಂದು ಸುತ್ತು ಬಂದು ತನ್ನದೇ ಕುಣಿಕೆಯೊಳಗೆ ಹಾದು ಬಿಗಿಯಬೇಕು. ಜಾಸ್ತಿ ಬಿಗಿದರೆ ತೊಟ್ಟು ಕತ್ತರಿಸಿ ಮೊಗ್ಗು ಉದುರುತ್ತದೆ, ಸಡಿಲಾದರೆ ಹೆರಳಿಗೆ ಏರಿಸುವಾಗಲೇ ಜಾರುತ್ತದೆ. ಕರಾವಳಿಯಲ್ಲಿ ನೆನೆಸಿದ ಬಾಳೆನಾರು ಬಳಸುತ್ತಾರೆ, ಅದು ತೊಟ್ಟನ್ನು ಕೊಯ್ಯುವುದಿಲ್ಲ, ತಂಪೂ ಇರುತ್ತದೆ. ನಮ್ಮ ಬಿಸಿಲಿಗೆ ಅದೇ ಒಳ್ಳೆಯದು, ಆದರೆ ಬಜಾರದಲ್ಲಿ ಸಿಗುವುದೆಲ್ಲ ಹತ್ತಿ ದಾರದ್ದೇ. ದಾರವನ್ನು ಒದ್ದೆ ಮಾಡಿ ಕಟ್ಟಿದರೆ ಅರ್ಧ ಲಾಭವಾದರೂ ಸಿಗುತ್ತದೆ.

ಅಳತೆಯಲ್ಲಿ ಕರಾವಳಿಯವರು ನಮಗಿಂತ ಜಾಣರು. ಉಡುಪಿಯ ಶಂಕರಪುರ ಮಲ್ಲಿಗೆಯ ಲೆಕ್ಕ ಹೂವಿನ ಎಣಿಕೆ ಮೇಲೆ: ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಮ್ಮಲ್ಲಿ ಮೊಳ, ಮಾರು. ಮೊಳ ಅಂದರೆ ಮೊಳಕೈಯಿಂದ ನಡುಬೆರಳ ತುದಿವರೆಗೆ, ಸುಮಾರು ಒಂದೂವರೆ ಅಡಿ. ಉದ್ದ ಸರಿ ಇದ್ದರೂ ಹೂವು ವಿರಳವಾಗಿ ಕಟ್ಟಿದರೆ ಕೊಂಡವರಿಗೆ ನಷ್ಟ. ದಂಡಿಯನ್ನು ಬೆಳಕಿಗೆ ಹಿಡಿದು ನೋಡಿ, ಗಂಟಿನ ನಡುವೆ ದಾರ ಕಂಡರೆ ರೇಟು ಇಳಿಸಿ ಕೇಳಿ.

'ದಂಡ್ಯಾಗಿ' ಬೇರೆಯೇ ಪದ. ಹೇರಳ, ಬೇಕಾದಷ್ಟು ಅಂತ ಅರ್ಥ. ಹೆಚ್ಚಾಗಿ 'ಆಗಿ' ಜೊತೆಗೇ ಬರುತ್ತದೆ: 'ಈ ಸಲ ತೊಗರಿ ದಂಡ್ಯಾಗಿ ಬಂದದ'. ಸೇಡಂ, ಗುರುಮಠಕಲ್ ದಾಟಿ ತೆಲಂಗಾಣಕ್ಕೆ ಕಾಲಿಟ್ಟರೆ ತೆಲುಗಿನಲ್ಲಿ ಇದೇ ಅರ್ಥಕ್ಕೆ 'ದಂಡಿಗಾ'. ಹೂಮಾಲೆಗೂ ತೆಲುಗಿನವರು 'ದಂಡ' ಅನ್ನುತ್ತಾರೆ. ಪಡುವಣಕ್ಕೆ ಆಳಂದ, ಅಫಜಲಪುರದ ಕಡೆ ಬಂದರೆ ಮರಾಠಿಯ 'ದಾಂಡಿ' ಸಿಗುತ್ತದೆ, ಅದು ಕೋಲು. ಒಂದೇ ಸೀಮೆಯ ಎರಡು ತುದಿಯಲ್ಲಿ ಒಂದೇ ಸದ್ದಿಗೆ ಬೇರೆ ಬೇರೆ ನೆರೆಹೊರೆ.

ಆ ಕೋಲಿನ ಅರ್ಥವೇ ತಕ್ಕಡಿಗೆ ಬಂದದ್ದು. ದಂಡಿ ಅಂದರೆ ಎರಡು ತಟ್ಟೆ ತೂಗುವ ಅಡ್ಡಪಟ್ಟಿ. 'ದಂಡಿ ಹೊಡಿ' ಅಂದರೆ ತೂಕದಲ್ಲಿ ಮೋಸ ಮಾಡು, ಉರ್ದು ಮಾತಾಡುವವರ 'ಡಂಡಿ ಮಾರನಾ' ನೋಡಿ. ಮೋಸ ನಡೆಯುವುದು ಹೀಗೆ. ನಡುವಿನ ಮುಳ್ಳು ನಿಜವಾಗಿ ನಡುವೆ ಇರುವುದಿಲ್ಲ. ಕಲ್ಲಿನ ಕಡೆ ತೋಳು 29 ಸೆಂಟಿಮೀಟರ್, ಮಾಲಿನ ಕಡೆ 30 ಇದ್ದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ಒಂದು ಕಿಲೋ ಕಲ್ಲಿಗೆ ಸರಿತೂಗುವ ಬದನಿಕಾಯಿ ಸುಮಾರು 967 ಗ್ರಾಂ. ಬರಿ ತಟ್ಟೆ ತೂಗಿ ತೋರಿಸಿದರೂ ಇದು ಸಿಕ್ಕಿಬೀಳುವುದಿಲ್ಲ, ಯಾಕೆಂದರೆ ತಟ್ಟೆಗಳ ಭಾರ ಹೊಂದಿಸಿ ಖಾಲಿ ತಕ್ಕಡಿಯನ್ನು ಸಮ ಮಾಡಿರುತ್ತಾರೆ. ಇದಕ್ಕೆ ಮದ್ದು, ಕಲ್ಲನ್ನೂ ಮಾಲನ್ನೂ ಅದಲುಬದಲು ಮಾಡಿ ತೂಗಲು ಹೇಳುವುದು. ಅದೇ ಬದನಿಕಾಯಿ ಈಗ 934 ಗ್ರಾಂ ತೋರಿಸುತ್ತದೆ. ತಕ್ಕಡಿ ನೆಟ್ಟಗಿದ್ದರೆ ಎರಡು ಸಲವೂ ಒಂದೇ ತೂಕ ಬರಬೇಕು. ತಟ್ಟೆ ಕೆಳಗೆ ಮೇಣ, ಅಯಸ್ಕಾಂತ ಅಂಟಿಸುವುದು ಖಾಲಿ ತಕ್ಕಡಿಯಲ್ಲೇ ಗೊತ್ತಾಗುತ್ತದೆ. ಕಿರುಬೆರಳಿನಿಂದ ಒತ್ತುವುದು ಗೊತ್ತಾಗಬೇಕಾದರೆ ತಕ್ಕಡಿಯನ್ನು ಕೈಬಿಟ್ಟು ಗೂಟಕ್ಕೆ ತೂಗುಹಾಕಿಸಬೇಕು. ಕಾಯ್ದೆ ಪ್ರಕಾರ ದಂಡಿ ತಕ್ಕಡಿಗೂ ಕಲ್ಲಿಗೂ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ಕಾಟಾಕ್ಕೆ ವರ್ಷಕ್ಕೊಮ್ಮೆ ಪರಿಶೀಲನೆಯ ಮುದ್ರೆ ಬೀಳಬೇಕು. ಮುದ್ರೆ ದಂಡಿಯ ಮೇಲೇ ಇರುತ್ತದೆ, ಕೇಳಿ ನೋಡುವುದರಲ್ಲಿ ಸಂಕೋಚ ಬೇಡ.

ಕೋಲು ಹಿಡಿದವನೂ ದಂಡಿಯೇ, ಸಂಸ್ಕೃತದ ದಂಡ ಹಿಡಿದ ಸನ್ಯಾಸಿ. ಭೀಮಾ-ಅಮರ್ಜಾ ಸಂಗಮದ ಗಾಣಗಾಪುರದಲ್ಲಿ ನೃಸಿಂಹ ಸರಸ್ವತಿಗಳ ಚಿತ್ರ ನೋಡಿ, ಕೈಯಲ್ಲಿ ದಂಡ. ಸಂಗಮದ ದಂಡಿ, ದಂಡಿ ಸನ್ಯಾಸಿ, ಹೊರಗೆ ಹೂವಿನ ದಂಡಿ ಮಾರುವವರು, ಮೂರೂ ಒಂದೇ ಊರಲ್ಲಿ. ಮತ್ತೊಬ್ಬ ದಂಡಿ ಸಂಸ್ಕೃತದ ಅಲಂಕಾರ ಶಾಸ್ತ್ರಕಾರ. ಕಾಗಿಣಾ ದಂಡೆಯ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಹುಟ್ಟಿದ ಕವಿರಾಜಮಾರ್ಗದ ಅಲಂಕಾರ ಭಾಗಕ್ಕೆ ಅವನ ಕಾವ್ಯಾದರ್ಶವೇ ಬಹುಪಾಲು ಆಧಾರ. ಕನ್ನಡದ ದೇಸಿ ಬೇರೆ ಬೇರೆ ಇರುವುದರಿಂದ ವಾಸುಕಿಗೂ ಬೇಸರ ಬಂದೀತು ಅಂತ ಅದೇ ಗ್ರಂಥ ಹೇಳುತ್ತದೆ. ನಮ್ಮ ಜಿಲ್ಲೆಯಲ್ಲೇ ಕೂತು ಹೇಳಿದ ಮಾತು, ನಮ್ಮ ದಂಡಿಗೆ ಚೆನ್ನಾಗಿ ಹೊಂದುತ್ತದೆ.

ಹೊರಗಿನವರಿಗೆ ನಿಜವಾಗಿ ಫಜೀತಿ ಆಗುವುದು 'ದಂಡಿಗಿ' ಅಂದಾಗ. ನಮ್ಮ ಬಾಯಲ್ಲಿ ಅದು ಮೂರು. ಹೊಳಿ ದಂಡಿಗಿ ಹೋದ, ಇದು ದಂಡೆಗೆ. ದಂಡಿಗಿ ಹೆದರಲಿಲ್ಲ, ದಾಳಿಗಿ ಹೆದರಲಿಲ್ಲ ಅನ್ನುವ ಗಾದೆಯಲ್ಲಿ ದಂಡು, ಸೈನ್ಯ. ಏಕತಾರಿ ದಂಡಿಗಿ ಅಂದರೆ ವಾದ್ಯದ ಕೋಲು, ಬರಹದಲ್ಲಿ ದಂಡಿಗೆ. ಕಾಯವನ್ನೇ ದಂಡಿಗೆ ಮಾಡು ಅಂತ ಬಸವಣ್ಣನವರ ವಚನದಲ್ಲಿ ಬರುವುದು ಈ ದಂಡಿಗೆಯೇ. ಅದನ್ನು 'ನದಿ ದಂಡೆಗೆ' ಅಂತ ಬಿಡಿಸಿದ ಕಂಪ್ಯೂಟರ್ ಅನುವಾದ ಕಂಡರೆ ನಕ್ಕು ಬಿಡಿ, ಅದಕ್ಕೇನು ಗೊತ್ತು ಪಾಪ.

ಶಾಲೆಯಲ್ಲಿ ಕೆಂಪು ಪೆನ್ನು ಹಿಡಿದವರಿಗೆ ಒಂದು ಮಾತು. ಹುಡುಗ 'ಹೊಳಿ ದಂಡಿ' ಅಂತ ಬರೆದರೆ 'ಹೊಳೆ ದಂಡೆ' ಅಂತ ಸ್ವರ ಮಾತ್ರ ತಿದ್ದಿ, 'ದಡ' ಮಾಡುವ ಅಗತ್ಯ ಇಲ್ಲ. 'ಹೂವಿನ ದಂಡಿ' ಬರೆದರೂ ಅಷ್ಟೇ, ದಂಡೆ ಮಾಡಿ. 'ತಕ್ಕಡಿ ದಂಡಿ' ಬರೆದರೆ ಮುಟ್ಟಬೇಡಿ. 'ದಂಡ್ಯಾಗಿ' ಬರೆದರೆ 'ದಂಡಿಯಾಗಿ' ಮಾಡಿ, ಅದೂ ಪ್ರಬಂಧವಾದರೆ ಮಾತ್ರ. ಸಂಭಾಷಣೆಯಾದರೆ ಹಾಗೇ ಬಿಡಿ.